ಇನ್ನೊಬ್ಬರ ಹೆಸರಿನಲ್ಲಿ ಸಮುದ್ರ ನೋಡಿದವರು

ಮೊನ್ನೆ ಬೂಟು ಕೊಳ್ಳಲು ಮನೆಯ ಹತ್ತಿರದ ದೊಡ್ಡ ಕ್ರೀಡಾ ಸಾಮಾನಿನ ಅಂಗಡಿಗೆ ಹೋಗಿದ್ದೆ. ಈಗ ನಾನಿರುವುದು ಹೂಡಿಯಲ್ಲಿ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ, ದಿನಾ ನಲವತ್ತು ನಿಮಿಷ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಿಮಿಷದ ಲೆಕ್ಕದಲ್ಲಿ ಏನು ಹೇಳಿದರೂ ನಾನು ಚಾಚೂ ತಪ್ಪದೆ ಪಾಲಿಸುವವನು. ಬೂಟಿನ ಸಾಲು ಹುಡುಕುತ್ತ ದಾರಿ ತಪ್ಪಿ ನೀರಿನಾಟದ ಸಾಮಾನುಗಳ ಕಡೆ ಹೋಗಿಬಿಟ್ಟೆ. ಅಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್‌ಗಳನ್ನು ಸಾಲಾಗಿ ನೇತು ಹಾಕಿದ್ದರು. ಒಂದನ್ನು ಸುಮ್ಮನೆ ಮುಟ್ಟಿ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಮೂಗಿನ ಹತ್ತಿರ ತಂದೆ. ಹೊಚ್ಚ ಹೊಸ ಜಾಕೆಟ್, ಅದಕ್ಕೆ ಉಪ್ಪುನೀರಿನ ವಾಸನೆ ಇರಲು ಸಾಧ್ಯವೇ ಇಲ್ಲ. ಸ್ಪಂಜು ಮತ್ತು ನೈಲಾನಿನ ವಾಸನೆ, ಅಷ್ಟೇ. ಆದರೆ ಅಷ್ಟೇ ಸಾಕಾಯಿತು... ಅಂಗಡಿಯ ಹುಡುಗಿ ಬಂದು, "ಸಾರ್, ಹಾಕ್ಕೊಂಡ್ ನೋಡಿ, ನಿಮ್ ಸೈಜೂ ಇದೆ" ಎಂದಳು. ಬೇಡಮ್ಮ ಎಂದು ಹೇಳಿ ಬೂಟನ್ನೂ ಕೊಳ್ಳದೆ ಹೊರಗೆ ಬಂದೆ.

ನಾನು ಆಗ ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಟೈಮ್ ಆಫೀಸಿನ ಗುಮಾಸ್ತ. ವಾಹನಗಳ ಬ್ರೇಕಿನ ಬಿಡಿಭಾಗ ತಯಾರಿಸುವ ಕಾರ್ಖಾನೆ ಅದು. ಹೊಸೂರು ರಸ್ತೆಯ ಉದ್ದನೆಯ ಮೇಲ್ಸೇತುವೆ ಆಗಷ್ಟೇ ಓಡಾಟಕ್ಕೆ ತೆರೆದಿತ್ತು, ಆದರೂ ಕೆಳಗಿನ ರಸ್ತೆಯಲ್ಲಿ ಬಸ್ಸುಗಳು ನಿಂತಲ್ಲೇ ನಿಂತಿರುತ್ತಿದ್ದವು. ಟೈಮ್ ಆಫೀಸೆಂದರೆ ಗೇಟಿನ ಪಕ್ಕದ ಒಂದು ಗಾಜಿನ ಗೂಡು. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ಎಷ್ಟು ಹೊತ್ತಿಗೆ ಹೋದರು, ಯಾರು ಯಾರ ಕಾರ್ಡು ಪಂಚ್ ಮಾಡಿದರು ಎಂದು ನೋಡುವುದೇ ನನ್ನ ಕೆಲಸ. ಹತ್ತು ನಿಮಿಷದವರೆಗೆ ರಿಯಾಯಿತಿ, ಹನ್ನೊಂದನೆಯ ನಿಮಿಷಕ್ಕೆ ಅರ್ಧ ದಿನ ಹೋಯಿತು. ಆ ನಿಯಮ ಮಾಡಿದವನು ನಾನಲ್ಲ. ಆದರೆ ಕೆಂಪು ಶಾಯಿಯ ಗೀಟು ಎಳೆಯುತ್ತಿದ್ದ ಕೈ ನನ್ನದೇ. ಹೆಬ್ಬಗೋಡಿಯಿಂದ ಬರುವ ಬಸ್ಸು ಕೈಕೊಟ್ಟಿತು ಎಂದು ಬೆವರು ಒರೆಸಿಕೊಳ್ಳುತ್ತ ನಿಂತವರಿಗೆ ಗಡಿಯಾರ ತೋರಿಸುತ್ತಿದ್ದೆ.

ಇಂಥವನ ಪಕ್ಕ ಊಟಕ್ಕೆ ಯಾರು ಕೂರುತ್ತಾರೆ? ಕ್ಯಾಂಟೀನಿನಲ್ಲಿ ನಾನು ತಟ್ಟೆ ಹಿಡಿದು ಬಂದರೆ ಮಾತು ನಿಲ್ಲುತ್ತಿತ್ತು. ಬೆಂಚಿನ ಮೇಲಿದ್ದವರು ಬೇಗ ಬೇಗ ಅನ್ನ ಕಲಸಿ ಮುಗಿಸಿ, "ಬರ್ತೀವಿ ಸಾರ್" ಎಂದು ಏಳುತ್ತಿದ್ದರು. ಯಾರಿಗೂ ನನ್ನ ಮೇಲೆ ದ್ವೇಷವಿರಲಿಲ್ಲ. ನನ್ನೆದುರು ಬಾಯಿ ತಪ್ಪಿ ಏನಾದರೂ ಬಂದೀತೆಂಬ ಭಯ, ಅಷ್ಟೇ. ಹೆಬ್ಬಗೋಡಿಯಲ್ಲಿ ನಾನಿದ್ದ ಬಾಡಿಗೆ ಕೋಣೆಯಲ್ಲೂ ಇದೇ ಕಥೆ. ಕೆಳಗಿನ ಮನೆಯ ಓನರು ಒಂದು ಕಾಲಕ್ಕೆ ಅದೇ ಜಾಗದಲ್ಲಿ ರಾಗಿ ಬೆಳೆದವರು. ಈಗ ಹದಿನಾಲ್ಕು ಕೋಣೆ ಕಟ್ಟಿಸಿ, ಒಂದು ಎಮ್ಮೆಯನ್ನು ಮಾತ್ರ ಉಳಿಸಿಕೊಂಡಿದ್ದರು. ಅವರಿಗೆ ನನ್ನ ಮೇಲೆ ತುಂಬ ಗೌರವ, ಅದಕ್ಕೇ ಒಳಗೆ ಕರೆಯುತ್ತಿರಲಿಲ್ಲ. ವಾರದಲ್ಲಿ ಏಳು ದಿನವೂ ನಾನು ಒಬ್ಬನೇ ಉಣ್ಣುತ್ತಿದ್ದೆ. ಭಾನುವಾರ ದರ್ಶಿನಿಯಲ್ಲಿ ನಿಂತು ತಿನ್ನುವಾಗ ಎದುರಿನ ಗೋಡೆಯ ಮೇಲಿನ ದರಪಟ್ಟಿಯನ್ನು ಮೇಲಿಂದ ಕೆಳಗಿನವರೆಗೆ ಓದುತ್ತಿದ್ದೆ. ಅದು ಬಾಯಿಪಾಠವಾಗಿ ಹೋಗಿತ್ತು.

ಕಾರ್ಖಾನೆಯ ವೆಲ್ಫೇರ್ ಕಮಿಟಿಯವರು ಪ್ರತಿ ವರ್ಷ ಒಂದು ಟೂರು ಹೊರಡಿಸುತ್ತಿದ್ದರು. ಪರ್ಮನೆಂಟ್ ಕೆಲಸಗಾರರಿಗೆ ಮಾತ್ರ. ದೇವಸ್ಥಾನಗಳನ್ನೆಲ್ಲ ನೋಡಿ ಮುಗಿದಿದ್ದರಿಂದ ಆ ವರ್ಷ ಕುಮಟಾ ಕಡೆಯ ಸಮುದ್ರಕ್ಕೆ ಹೋಗುವುದು, ಅಲ್ಲಿ ಕಯಾಕ್ ನಡೆಸುವುದು ಎಂದು ತೀರ್ಮಾನವಾಯಿತು. ಕಯಾಕ್ ಅಂದರೆ ಏನೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉದ್ದನೆಯ ಸಪೂರ ಪ್ಲಾಸ್ಟಿಕ್ ದೋಣಿ, ಒಂದರಲ್ಲಿ ಇಬ್ಬರು, ಹಿಂದೊಬ್ಬರು ಮುಂದೊಬ್ಬರು ಕೂತು ಹುಟ್ಟು ಹಾಕಬೇಕು ಎಂದು ಕಮಿಟಿಯ ಸೆಕ್ರೆಟರಿ ನೋಟಿಸ್ ಬೋರ್ಡಿನಲ್ಲಿ ಚಿತ್ರ ಅಂಟಿಸಿದ. ನಾನು ಹೆಸರು ಕೊಟ್ಟೆ. ಯಾಕೆ ಕೊಟ್ಟೆನೋ... ಖಾಲಿ ಕೋಣೆಯಲ್ಲಿ ಇನ್ನೊಂದು ಶನಿವಾರ ಕಳೆಯುವುದು ಬೇಡ ಅನ್ನಿಸಿರಬೇಕು.

ಶುಕ್ರವಾರ ಸಂಜೆ ಹೊರಟ ಬಸ್ಸು ಬೆಳಿಗ್ಗೆ ಸಮುದ್ರದ ದಂಡೆ ತಲುಪಿತು. ನಲವತ್ತು ಜನ, ಎಲ್ಲರಿಗೂ ಒಂದೇ ಥರದ ಹಳದಿ ಟೀ ಶರ್ಟು, ಕುತ್ತಿಗೆಗೆ ಹೆಸರಿನ ಬಿಲ್ಲೆ. ಎರಡು ಘಟಕದವರು, ಮೂರು ಶಿಫ್ಟಿನವರು, ಹಾಗಾಗಿ ಎಲ್ಲರಿಗೂ ಎಲ್ಲರ ಪರಿಚಯವಿರಲಿಲ್ಲ. ತಿಂಡಿ ಮುಗಿದ ಮೇಲೆ ಜೋಡಿ ಮಾಡಿಕೊಳ್ಳಿ ಎಂದರು. ಐದು ನಿಮಿಷದಲ್ಲಿ ಎಲ್ಲರೂ ಇಬ್ಬಿಬ್ಬರಾಗಿಬಿಟ್ಟರು. ನಾನು ಬೂಟಿನ ಲೇಸು ಕಟ್ಟಿಕೊಳ್ಳುವವನಂತೆ ಬಗ್ಗಿ ನಿಂತೆ. ಕಟ್ಟಿದ್ದನ್ನೇ ಬಿಚ್ಚಿ ಎರಡು ಸಲ ಕಟ್ಟಿದೆ.

"ನೀವೂ ಒಬ್ರೇ ಅದೀರೇನ್ರಿ?"

ತಲೆಯೆತ್ತಿದೆ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಹತ್ತಿರ ಹತ್ತಿರ ನಲವತ್ತು. ಗಟ್ಟಿ ಹೆಗಲು, ಬಿಸಿಲಿಗೆ ಬಣ್ಣ ತಿರುಗಿದ ಕೂದಲು, ಬಾಯಿತುಂಬ ನಗು. "ನಾನೂ ಒಬ್ನೇ ಅದೀನಿ. ಬರ್ರಿ, ಜೋಡಿ ಆಗೂಣು" ಎಂದರು. ನನ್ನ ಕಣ್ಣು ರೂಢಿಯ ಪ್ರಕಾರ ಅವರ ಮುಖ ಬಿಟ್ಟು ಎದೆಯ ಮೇಲಿನ ಬಿಲ್ಲೆಗೆ ಹೋಯಿತು. ಹೀಟ್ ಟ್ರೀಟ್‌ಮೆಂಟ್ ವಿಭಾಗದ ಒಬ್ಬ ಆಪರೇಟರನ ಹೆಸರು. ಆ ಆಪರೇಟರ್ ನನಗೆ ಚೆನ್ನಾಗಿ ಗೊತ್ತು, ತೆಳ್ಳಗಿನ ಮೂವತ್ತರ ಹುಡುಗ, ಸೋಮವಾರ ತಪ್ಪದೆ ತಡ. ಆರುನೂರು ಜನರ ಮುಖ ನೋಡಿದರೆ ಟೋಕನ್ ನಂಬರು ಹೇಳಬಲ್ಲ ನನಗೆ, ನನ್ನೆದುರು ನಿಂತವರು ಆ ಆರುನೂರರಲ್ಲಿ ಯಾರೂ ಅಲ್ಲ ಎಂದು ತಕ್ಷಣ ತಿಳಿಯಿತು.

ನಮ್ಮ ಇಲಾಖೆಯಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಒಬ್ಬರ ಬದಲು ಇನ್ನೊಬ್ಬರು ಬಂದರೆ ಇಬ್ಬರಿಗೂ ಮೆಮೊ. ಅಂಥ ಮೆಮೊಗಳನ್ನು ನಾನೇ ಟೈಪು ಮಾಡಿದ್ದೇನೆ, ಅದರಿಂದ ಕೆಲಸ ಕಳೆದುಕೊಂಡವರೂ ಇದ್ದಾರೆ. ನೀವು ಯಾರು ಎಂದು ಕೇಳುವುದು ನನ್ನ ಕರ್ತವ್ಯವಾಗಿತ್ತು. ನಾನು ಕೇಳಿದ್ದು, "ನಿಮಗೆ ಈಜು ಬರುತ್ತಾ ಅಣ್ಣ?" ಎಂದು.

"ಹೊಳಿ ದಂಡಿ ಮ್ಯಾಲ ಹುಟ್ಟಿದವ್ರು ನಾವು" ಎಂದು ನಕ್ಕರು. ಅವರದು ಕೃಷ್ಣಾ ನದಿಯ ದಡದ ಊರು.

ನೀರಿಗಿಳಿಯುವ ಮೊದಲು ಒಂದು ಕಾಗದ ತುಂಬಬೇಕಿತ್ತು. ಹೆಸರು, ಊರು, ಏನಾದರೂ ಆದರೆ ಯಾರಿಗೆ ತಿಳಿಸಬೇಕು, ಅವರ ಫೋನ್ ನಂಬರು. ನನ್ನ ಜೊತೆಯ ಅಣ್ಣ ಕಾಗದ ತುಂಬಿಕೊಟ್ಟು ಬಂದು ಮರಳಿನ ಮೇಲೆ ಕೂತರು. ಆಮೇಲೆ ನನ್ನ ಹತ್ತಿರ ಸರಿದು, "ಒಂದ್ ಮಾತ್ ಹೇಳ್ತೀನಿ, ಯಾರ ಮುಂದೂ ಅನಬ್ಯಾಡ್ರಿ" ಎಂದರು. ತಾನು ಪರ್ಮನೆಂಟ್ ಅಲ್ಲ, ಕಂಟ್ರಾಕ್ಟರನ ಕಡೆಯ ಲೋಡಿಂಗ್ ಕೆಲಸದವನು. ಏಳು ವರ್ಷದಿಂದ ಮುಂದಿನ ವರ್ಷ ಪರ್ಮನೆಂಟ್ ಮಾಡುತ್ತೇವೆ ಎನ್ನುತ್ತಿದ್ದಾರೆ. ಆ ಆಪರೇಟರನ ಮನೆಯಲ್ಲಿ ಮದುವೆ ಬಂತು, ನನ್ನ ಬದಲು ನೀವು ಹೋಗಿಬನ್ನಿ ಎಂದು ಬಿಲ್ಲೆ ಕೊಟ್ಟ. ಕಾಗದದಲ್ಲಿ ಬರೆದದ್ದೂ ಆ ಹುಡುಗನ ಅಣ್ಣನ ನಂಬರೇ.

"ನೀರಾಗ ನನಗೇನರ ಆತಂದ್ರ ಫೋನು ಅವ್ರ ಮನಿಗೆ ಹೋಕ್ಕೈತಿ. ಅಲ್ಲಿ ಮದಿವಿ ನಡದೈತಿ. ನಮ್ಮ ಮನಿಯಾಕಿಗೆ ಯಾರ್ ಹೇಳ್ಬೇಕು?"

ತಮ್ಮ ಮನೆಯ ನಿಜವಾದ ನಂಬರನ್ನು ಹೇಳಿದರು. ನಾನು ನನ್ನ ಫೋನಿನಲ್ಲಿ ಬರೆದುಕೊಂಡೆ. ಯಾವ ಹೆಸರಿನಲ್ಲಿ ಇಟ್ಟುಕೊಳ್ಳಲಿ ಎಂದು ಕೇಳಲಿಲ್ಲ. "ದೋಣಿ ಅಣ್ಣ" ಎಂದು ಬರೆದೆ. ಇಷ್ಟೆಲ್ಲ ತೊಂದರೆ ಇಟ್ಟುಕೊಂಡು ಯಾಕೆ ಬಂದಿರಿ ಎಂದೆ. ಅವರು ತಮ್ಮ ಹಳದಿ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. ಕಾರ್ಖಾನೆಯಲ್ಲಿ ಪರ್ಮನೆಂಟಿನವರಿಗೆ ನೀಲಿ ಅಂಗಿ, ಕಂಟ್ರಾಕ್ಟಿನವರಿಗೆ ಬೂದಿ ಬಣ್ಣದ್ದು. "ಒಂದಿನ ಎಲ್ಲಾರಂಗ ಇದ್ದು ನೋಡೂಣಂತ ಬಂದೆ ನೋಡ್ರಿ" ಎಂದರು. ಹಾಗೆನ್ನುವಾಗ ಅವರ ಮುಖದಲ್ಲಿ ನಾಚಿಕೆ ಇತ್ತು.

ಕಂಟ್ರಾಕ್ಟಿನವರು ಒಳಗೆ ಬರುವುದು ಹಿಂದಿನ ಗೇಟಿನಿಂದ. ಅವರ ಹಾಜರಿ ಕಂಟ್ರಾಕ್ಟರನೇ ಹಾಕಿಕೊಳ್ಳುತ್ತಾನೆ. ಹಾಗಾಗಿ ಅಣ್ಣ ನನ್ನ ಮುಖ ನೋಡಿರಲಿಲ್ಲ. ನಲವತ್ತು ಜನರಲ್ಲಿ ಹುಡುಕಿ ಹುಡುಕಿ, ಯಾರಿಂದ ದೂರವಿರಬೇಕಿತ್ತೋ ಅವನ ಕೈಗೇ ಗುಟ್ಟು ಕೊಟ್ಟಿದ್ದರು. ನಾನು ತಲೆಯಾಡಿಸಿದೆ, ಯಾರಿಗೂ ಹೇಳುವುದಿಲ್ಲ ಎಂದೆ. ನಾನು ಯಾವ ವಿಭಾಗದವನೆಂದು ಮಾತ್ರ ಹೇಳಲಿಲ್ಲ. ಅವರೂ ಕೇಳಲಿಲ್ಲ.

ದೋಣಿ ಕಲಿಸುವವರು ನರೆತ ಮೀಸೆಯ ಒಬ್ಬ ಮೀನುಗಾರರು, ಕೊರಳಲ್ಲಿ ಸೀಟಿ. ಭಾರದವರು ಹಿಂದೆ ಕೂರಿ ಎಂದು ಅವರು ಎಷ್ಟು ಹೇಳಿದರೂ ಅಣ್ಣ ಮುಂದೆಯೇ ಕೂತರು. ಹರಿಗೋಲು ನಡೆಸುವವನು ಮುಂದೆ ನಿಂತು ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತಾನಂತೆ. ಅವರಿಗೆ ಗೊತ್ತಿದ್ದ ದೋಣಿ ಅದೊಂದೇ. ಬುಟ್ಟಿಯಂಥ ದುಂಡನೆಯ ಹರಿಗೋಲಿಗೆ ಅದು ಸರಿ. ಈ ಸಪೂರ ದೋಣಿಯಲ್ಲಿ ಅವರು ಎರಡು ತುದಿಯ ಹುಟ್ಟನ್ನು ಒಂದೇ ಕಡೆಯಿಂದ ಹಿಡಿದು ಮುಂದೆ ಎಂಟರ ಆಕಾರ ಬರೆಯತೊಡಗಿದರು. ಹುಟ್ಟಿನ ಇನ್ನೊಂದು ತುದಿ ನನ್ನ ಹಣೆಗೆ ಬಡಿಯಿತು, ಅದರಿಂದ ಸುರಿದ ನೀರು ನನ್ನ ಮಡಿಲು ತುಂಬಿತು. ಉಳಿದ ದೋಣಿಗಳು ಕೊಲ್ಲಿಯ ಆಚೆ ದಂಡೆಯ ಕಡೆ ಹೊರಟಾಗ ನಮ್ಮದು ನಿಂತಲ್ಲೇ ಗಿರಗಿರ ತಿರುಗುತ್ತಿತ್ತು. ಸೀಟಿಯ ಮೇಲೆ ಸೀಟಿ. "ಹೊಳ್ಯಾಗ ಹಿಂಗ ಮಾಡಿದ್ರ ಸೀದಾ ಹೋಕ್ಕೈತ್ರಿ" ಎಂದು ಅವರು ಸಮುದ್ರದ ಮೇಲೆಯೇ ತಪ್ಪು ಹೊರಿಸಿದರು. ನಾನು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಹಾಗೆ ನಕ್ಕು ಎಷ್ಟು ದಿನವಾಗಿತ್ತೋ, ನನ್ನ ದನಿ ನನಗೇ ಹೊಸದೆನಿಸಿತು.

ದಂಡೆಗೆ ತಂದು ಜಾಗ ಬದಲಿಸಿದರು. ಅಣ್ಣ ಹಿಂದೆ, ನಾನು ಮುಂದೆ. ಹತ್ತು ನಿಮಿಷದಲ್ಲಿ ಅವರಿಗೆ ವಿದ್ಯೆ ಒಲಿಯಿತು. ನನ್ನ ಹುಟ್ಟು ನೀರಿಗೆ ಬಿದ್ದ ಕಡೆಯೇ ಅವರದೂ ಬೀಳುತ್ತಿತ್ತು, ಆದರೆ ನನ್ನದು ಮೇಲೆ ಬರುವಾಗ ದೋಣಿ ಒಂದು ಮಾರು ಮುಂದೆ ಹೋಗಿರುತ್ತಿತ್ತು. ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಬೆನ್ನ ಹಿಂದೆ ಉಸಿರಿನ ಸದ್ದು ಮಾತ್ರ. ಮಾತು ಕಡಿಮೆ. ನಡುನಡುವೆ, "ಸಾಕಾದ್ರ ಕೈ ಬಿಡ್ರಿ, ನಾ ಹಾಕ್ತೀನಿ" ಎನ್ನುತ್ತಿದ್ದರು. ಸಾಕಾಗಿತ್ತು, ಆದರೂ ನಾನು ಕೈ ಬಿಡಲಿಲ್ಲ. ಗಡಿಯಾರವನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದೆ. ಎಷ್ಟು ಹೊತ್ತಾಯಿತೆಂದು ಗೊತ್ತಿಲ್ಲದೆ ನಾನು ಕಳೆದ ಬೆಳಗು ಬಹುಶಃ ಅದೊಂದೇ.

ಕೊಲ್ಲಿಯ ಮಧ್ಯೆ ಒಂದು ಮೋಟಾರು ದೋಣಿ ಹಾದುಹೋಯಿತು. ಅದರ ಅಲೆ ಅಡ್ಡಕ್ಕೆ ಬಂದು ನಮ್ಮನ್ನು ಮಗುಚಿ ಹಾಕಿತು. ಜಾಕೆಟ್ ತೊಟ್ಟಿದ್ದೆ, ಮುಳುಗುವುದಿಲ್ಲ ಎಂದು ಹತ್ತು ಸಲ ಹೇಳಿದ್ದರು. ಆದರೆ ಮೂಗಿಗೆ ಉಪ್ಪುನೀರು ಹೊಕ್ಕ ಮೇಲೆ ಯಾವ ಮಾತು ನೆನಪಿರುತ್ತದೆ? ಕೈಕಾಲು ಬಡಿದೆ, ಕೂಗಿದೆನೋ ಏನೋ. ಆಗ ನನ್ನ ಹೆಗಲಿನ ಪಟ್ಟಿಯನ್ನು ಒಂದು ಕೈ ಗಟ್ಟಿಯಾಗಿ ಹಿಡಿಯಿತು. ಇನ್ನೊಂದು ಕೈಯಲ್ಲಿ ಅವರು ದೋಣಿಯನ್ನು ಹಿಡಿದಿದ್ದರು. "ನಾ ಅದೀನಿ, ನಾ ಅದೀನಿ" ಎಂದಷ್ಟೇ ಹೇಳುತ್ತಿದ್ದರು. ದೂರದಿಂದ ಮೀನುಗಾರರು ಬಿಲ್ಲೆಯ ಹೆಸರು ಹಿಡಿದು ಕೂಗಿದರು. ಅಣ್ಣ ತಿರುಗಲೇ ಇಲ್ಲ. ಮತ್ತೆ ಕೂಗಿದರು, ಮತ್ತೂ ಕೂಗಿದರು. ಕೊನೆಗೆ ನಾನೇ ಕೆಮ್ಮುತ್ತ, "ಅಣ್ಣ, ನಿಮ್ಮನ್ನೇ ಕರೀತಿರೋದು!" ಎಂದೆ. ಅವರು ಗಾಬರಿಯಿಂದ, "ಹಾಂ, ಬಂದೆ ಬಂದೆ!" ಎಂದು ಓಗೊಟ್ಟರು. ಇಬ್ಬರೂ ನೀರಿನಲ್ಲಿ ತೇಲುತ್ತಲೇ ಮತ್ತೆ ನಕ್ಕೆವು.

ಊಟ ಆಚೆ ದಂಡೆಯ ಮರಳಿನಲ್ಲಿ. ಮೀನುಗಾರರ ಮನೆಯ ಹೆಂಗಸರು ಅನ್ನ, ಬಂಗಡೆ ಸಾರು, ಮೀನು ತಿನ್ನದವರಿಗೆ ಬೇಳೆ ಸಾರು ಮಾಡಿ ತಂದಿದ್ದರು. ಅಣ್ಣ ಜಾಕೆಟ್ ಬಿಚ್ಚಿ, ಹೊಟ್ಟೆಗೆ ಕಟ್ಟಿಕೊಂಡಿದ್ದ ಒಂದು ಗಂಟನ್ನು ಹೊರಗೆ ತೆಗೆದರು. ಮೂರು ಪ್ಲಾಸ್ಟಿಕ್ ಚೀಲ ಸುತ್ತಿದ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಊರಿನಿಂದ ಹೆಂಡತಿ ಕಳಿಸಿದ್ದು. ತಿಂಗಳು ಇಟ್ಟರೂ ಕೆಡದ ಆ ರೊಟ್ಟಿಯನ್ನು ಬಸ್ಸಿನಲ್ಲಿ ಬಿಟ್ಟರೆ ಯಾರಾದರೂ ತಿಂದುಬಿಡುತ್ತಾರೆಂದು ಸಮುದ್ರದ ಮೇಲೆ ಹೊತ್ತು ತಂದಿದ್ದರು! ಮಗುಚಿದಾಗ ಅಂಚಿನ ಎರಡು ರೊಟ್ಟಿ ನೆನೆದು ಮೆತ್ತಗಾಗಿದ್ದವು. ಅವನ್ನು ತಾವಿಟ್ಟುಕೊಂಡು ಗರಿಗರಿಯಾದದ್ದನ್ನು ಮುರಿದು ನನ್ನ ತಟ್ಟೆಗೆ ಹಾಕಿದರು. "ಸಾರಿನ್ಯಾಗ ಅದ್ದಿ ತಿನ್ರಿ" ಎಂದರು. ಆಚೀಚೆ ಕೂತವರೂ ಕೈ ಚಾಚಿದರು, ನಮ್ಮ ಸುತ್ತ ಒಂದು ಗುಂಪೇ ಆಯಿತು. ನಾನು ಆ ಗುಂಪಿನ ನಡುವೆ ಇದ್ದೆ. ಯಾರೋ ನನ್ನ ತಟ್ಟೆಗೆ ಇನ್ನಷ್ಟು ಅನ್ನ ಸುರಿದರು, ನಾನು ಯಾರದೋ ತಟ್ಟೆಯಿಂದ ಉಪ್ಪಿನಕಾಯಿ ತೆಗೆದುಕೊಂಡೆ. ಖಾರ ಎಂದು ಹೇಳಿ ಮುಖ ತಿರುಗಿಸಿ ನೀರು ಕುಡಿದೆ.

ಊಟದ ನಂತರ ಅಣ್ಣ, ಮೀನುಗಾರರು ಕೊಟ್ಟ ನೀರು ಹೊಗದ ಚೀಲದಲ್ಲಿ ಕೊರಳಿಗೆ ಕಟ್ಟಿಕೊಂಡು ತಂದಿದ್ದ ನನ್ನ ಫೋನು ಕೇಳಿ ಪಡೆದು ಹೆಂಡತಿಗೆ ಮಾತಾಡಿದರು. ನೀರಿನ ಅಂಚಿನಲ್ಲಿ ನಿಂತು, ಫೋನನ್ನು ಅಲೆಗಳ ಕಡೆಗೆ ಚಾಚಿ ಸದ್ದು ಕೇಳಿಸಿದರು. ಒಮ್ಮೆ ನನ್ನ ಕಡೆ ತಿರುಗಿ ಏನೋ ಹೇಳಿ ನಕ್ಕರು. ಏನು ಹೇಳಿದರೋ ಗಾಳಿಗೆ ಕೇಳಿಸಲಿಲ್ಲ... ಫೋನು ವಾಪಸು ಕೊಡುವಾಗ ಅದರ ಮೇಲಿನ ಉಪ್ಪನ್ನು ಅಂಗಿಗೆ ಒರೆಸಿ ಕೊಟ್ಟರು.

ಮಧ್ಯಾಹ್ನವೂ ದೋಣಿ ನಡೆಸಿದೆವು. ಹೊತ್ತು ಇಳಿದ ಮೇಲೆ ಹೊರಡುವ ಮುಂಚೆ ಹೆದ್ದಾರಿಯ ಪಕ್ಕದ ಒಂದು ಹೋಟೆಲಿನಲ್ಲಿ ಮೇಜುಗಳನ್ನೆಲ್ಲ ಜೋಡಿಸಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ನಾನೂ ಅಣ್ಣನೂ ಪಕ್ಕಪಕ್ಕ. ಬೆಂಗಳೂರಿಗೆ ಹೋದ ಮೇಲೆ ಭಾನುವಾರ ನಮ್ಮ ರೂಮಿಗೆ ಬನ್ನಿ, ಹೆಬ್ಬಗೋಡಿಯಲ್ಲೇ ಇದ್ದೇವೆ, ನಾಲ್ಕು ಜನ ಸೇರಿ ಅಡುಗೆ ಮಾಡುತ್ತೇವೆ ಎಂದು ಅವರು ಹೇಳುತ್ತಿದ್ದರು. ಬರುತ್ತೇನೆ ಎಂದೆ. ಯಾವ ಭಾನುವಾರ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಕಮಿಟಿಯ ಸೆಕ್ರೆಟರಿ ಎದ್ದು ನಿಂತು, ಎಲ್ಲರಿಗೂ ಧನ್ಯವಾದ ಹೇಳಿ, ಚಪ್ಪಾಳೆ ಗಿಟ್ಟಿಸುವ ಉತ್ಸಾಹದಲ್ಲಿ ನನ್ನ ಕಡೆ ಕೈ ತೋರಿದ.

"ನೋಡ್ರಪ್ಪಾ, ಟೈಮ್ ಆಫೀಸ್ ಸಾರ್ ಇವತ್ತು ಫುಲ್ ಜಾಲಿ! ಸಾರ್, ಸೋಮವಾರ ನಮ್ಗೆಲ್ಲ ಹತ್ತ್ ನಿಮಿಷ ಜಾಸ್ತಿ ಬಿಟ್ಬಿಡಿ ಸಾರ್!"

ಎಲ್ಲರೂ ಹೋ ಎಂದು ನಕ್ಕರು. ಅಣ್ಣನ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗದೆ ಹಾಗೇ ನಿಂತಿತು.

"ನೀವ್ ಟೈಮ್ ಆಫೀಸ್ನ್ಯಾವ್ರೇನ್ರಿ?"

"ಹೌದು."

"ನಾ ಅವ ಅಲ್ಲಂತ ಮುಂಜಾನೇನ ಗೊತ್ತಿತ್ತೇನ್ರಿ ನಿಮಗ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು" ಎಂದೆ. ಹೆದರಬೇಡಿ ಎಂದು ಸೇರಿಸುವಷ್ಟರಲ್ಲಿ ಅವರು ತುತ್ತನ್ನು ತಟ್ಟೆಗೆ ಇಳಿಸಿ ಎದ್ದಿದ್ದರು. ಕೈ ತೊಳೆಯುವ ಜಾಗದಲ್ಲಿ ಬೆನ್ನು ತಿರುಗಿಸಿ ತುಂಬ ಹೊತ್ತು ನಿಂತಿದ್ದರು. ಬಸ್ಸಿನಲ್ಲಿ ಕೊನೆಯ ಸಾಲಿಗೆ ಹೋಗಿ ಕೂತರು. ನಾನು ಒಮ್ಮೆ ಎದ್ದು ಹಿಂದೆ ಹೋದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು, ನಿದ್ದೆಯಲ್ಲ ಎಂದು ಗೊತ್ತಾಗುತ್ತಿತ್ತು. "ಅಣ್ಣ" ಎಂದೆ. ಕಣ್ಣು ತೆರೆಯದೆ, "ಹೇಳ್ರಿ ಸಾಹೇಬ್ರ" ಎಂದರು. ಇಡೀ ದಿನ ನನ್ನನ್ನು ಹಾಗೆ ಕರೆದಿರಲಿಲ್ಲ. ಮುಂದೆ ಬಂದು ಡ್ರೈವರನ ಹತ್ತಿರದ ನನ್ನ ಸೀಟಿನಲ್ಲಿ ಕೂತೆ. ಬೆಳಿಗ್ಗೆ ಹೆಬ್ಬಗೋಡಿಯಲ್ಲಿ ನಾನು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅವರು ಹಿಂದಿನ ಬಾಗಿಲಿನಿಂದ ಇಳಿದು ಜನರ ನಡುವೆ ಮರೆಯಾಗಿದ್ದರು.

ಭಾನುವಾರವಿಡೀ ನನಗೆ ಒಂದೇ ಯೋಚನೆ. ಅವರನ್ನು ಕಂಡು, ನನ್ನಿಂದ ಏನೂ ಆಗುವುದಿಲ್ಲ ಎಂದು ಹೇಳಿಬಿಡಬೇಕು. ಸೋಮವಾರ ಬೆಳಗಿನ ಗೇಟಿನ ಗಲಾಟೆ ಮುಗಿದ ಕೂಡಲೇ ಲೋಡಿಂಗ್ ಶೆಡ್ಡಿಗೆ ಹೋದೆ. ಹೋಗುವಾಗ ಕಂಕುಳಲ್ಲಿ ಹಾಜರಿ ರಿಜಿಸ್ಟರು ಇತ್ತು. ಅದಿಲ್ಲದೆ ನಾನು ಕಾರ್ಖಾನೆಯೊಳಗೆ ಎಲ್ಲಿಗೂ ಹೋದವನಲ್ಲ, ಚಪ್ಪಲಿ ಮೆಟ್ಟಿಕೊಂಡಂತೆ ಅದನ್ನೂ ಎತ್ತಿಕೊಂಡಿದ್ದೆ. ಬೂದಿ ಬಣ್ಣದ ಅಂಗಿಯ ಏಳೆಂಟು ಜನ ಪೆಟ್ಟಿಗೆ ಇಳಿಸುತ್ತಿದ್ದರು. ಶನಿವಾರ ಟೂರಿಗೆ ಬಂದಿದ್ದವರು ಇಲ್ಲಿ ಯಾರು ಎಂದು ಕೇಳಿದೆ. ಹೇಗೆ ಕೇಳುವುದೆಂದು ನನಗೆ ಗೊತ್ತಿದ್ದದ್ದು ಹಾಗೊಂದೇ, ಗೇಟಿನಲ್ಲಿ ಕೇಳುವ ಹಾಗೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಲ್ಲಿ ವಯಸ್ಸಾದವರೊಬ್ಬರು ನನ್ನ ಕಂಕುಳನ್ನೇ ನೋಡುತ್ತ, "ಅಂಥವ್ರು ಇಲ್ಯಾರೂ ಇಲ್ರಿ ಸಾಹೇಬ್ರ" ಎಂದರು. ನಾನು ವಾಪಸು ಬಂದೆ.

ಮಾರನೆಯ ದಿನ ಆ ಹೀಟ್ ಟ್ರೀಟ್‌ಮೆಂಟಿನ ಆಪರೇಟರ್ ಗಾಜಿನ ಗೂಡಿಗೆ ಬಂದ. ಅವತ್ತು ಒಂದು ನಿಮಿಷವೂ ತಡವಾಗಿರಲಿಲ್ಲ. "ತಪ್ಪಾಯ್ತು ಸಾರ್, ಮೆಮೊ ಕೊಡ್ಬೇಡಿ. ಅವ್ರೂ ಹೊರಟೋದ್ರು ಸಾರ್. ನೀವು ರಿಜಿಸ್ಟರ್ ಇಟ್ಕೊಂಡು ಹುಡುಕ್ತಿದ್ರಂತೆ. ಅವ್ರು ಪೆಟ್ಟಿಗೆ ಹಿಂದೆ ನಿಂತು ನೋಡುದ್ರಂತೆ. ನಿನ್ನೆ ಮಧ್ಯಾಹ್ನನೇ ರೂಮ್ ಖಾಲಿ ಮಾಡ್ಕೊಂಡು ಊರಿಗೆ ಹೋಗ್ಬಿಟ್ರು" ಎಂದ.

ಮೆಮೊ ಕೊಡುವುದಿಲ್ಲ ಎಂದು ಅವನಿಗೆ ಹೇಳಿ ಕಳಿಸಿದೆ. ಕಂಟ್ರಾಕ್ಟರನನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವನಿಗೆ ಏನೂ ಗೊತ್ತೇ ಇರಲಿಲ್ಲ. "ಅವ್ನನ್ನ ಯಾರ್ ಸಾರ್ ತೆಗ್ದಿರೋದು? ಒಳ್ಳೆ ಕೆಲ್ಸಗಾರ. ಬರ್ಲಿ ಬೇಕಾದ್ರೆ" ಎಂದ. ಏಳು ವರ್ಷದ ಕೆಲಸವನ್ನು ಯಾರೂ ಕಿತ್ತುಕೊಂಡಿರಲಿಲ್ಲ. ನನ್ನನ್ನು ನೋಡಿ ಅವರೇ ಬಿಟ್ಟು ಓಡಿದ್ದರು.

ಆ ಸಂಜೆ "ದೋಣಿ ಅಣ್ಣ" ಎಂದು ಬರೆದುಕೊಂಡಿದ್ದ ನಂಬರಿಗೆ ಫೋನು ಮಾಡಿದೆ. ಹೆಣ್ಣು ದನಿ. ಬೆಂಗಳೂರಿನಿಂದ ಮಾತಾಡುತ್ತಿದ್ದೇನೆ, ಟೂರಿಗೆ ಜೊತೆಯಲ್ಲಿ ಹೋಗಿದ್ದವನು ಎನ್ನುತ್ತಲೇ ಆಕೆಯ ದನಿ ಅರಳಿತು. "ದೋಣಿಯಾಗ ಜೋಡಿ ಇದ್ದವ್ರೇನ್ರಿ? ಅವತ್ತ ಸಮುದ್ರದ ದಂಡಿಯಿಂದ ಫೋನ್ ಮಾಡಿ ನಿಮ್ದ ಹೇಳಿದ್ರು ನೋಡ್ರಿ. ಬೆಂಗಳೂರಾಗ ಏಳ್ ವರ್ಷಕ್ಕ ಒಬ್ರು ನಮ್ಮವ್ರು ಸಿಕ್ರು ಅಂತ." ಗಂಡ ಹೊಳೆಯ ಕಡೆ ಹೋಗಿದ್ದಾರೆ, ಬಂದ ಮೇಲೆ ಹೇಳುತ್ತೇನೆ ಎಂದರು. ಆಮೇಲೆ ದನಿ ತಗ್ಗಿಸಿದರು. "ಕೆಲಸ ಹೋತಲ್ರಿ. ಆಫೀಸ್ನ್ಯಾವ ಯಾವನೋ ಬುಕ್ ಹಿಡಕೊಂಡು ಹುಡುಕ್ಯಾಡಕ ಬಂದಿದ್ನಂತ. ನೀವರ ಯಾರಿಗರ ಒಂದ್ ಮಾತ್ ಹೇಳಿ ನೋಡ್ರಿ."

ದೋಣಿಯ ಜೊತೆಗಾರನೂ ಆ ಆಫೀಸಿನವನೂ ಒಬ್ಬನೇ ಎಂದು ಅಣ್ಣ ಹೆಂಡತಿಗೆ ಹೇಳಿರಲಿಲ್ಲ. ನನ್ನ ಮೇಲೆ ಕೋಪವಿದ್ದರೆ ಹೇಳಿರುತ್ತಿದ್ದರು. ನಾನೂ ಹೇಳಲಿಲ್ಲ. ಯಾರೂ ಏನೂ ಮಾಡುವುದಿಲ್ಲ, ಕಂಟ್ರಾಕ್ಟರ್ ಕರೆಯುತ್ತಿದ್ದಾನೆ, ದಯವಿಟ್ಟು ಬರಲು ಹೇಳಿ ಎಂದೆ. ನಿಮ್ಮ ಹೆಸರೇನೆಂದು ಹೇಳಲಿ ಎಂದು ಆಕೆ ಕೇಳಿದರು. ದೋಣಿಯವನು ಎಂದರೆ ಸಾಕು ಎಂದೆ. ಅವರು ಬರಲಿಲ್ಲ. ಹದಿನೈದು ದಿನ ಬಿಟ್ಟು ಮತ್ತೆ ಮಾಡಿದಾಗ, ಊರಿನವರ ಜೊತೆ ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋದರು ಎಂದು ಆಕೆ ಹೇಳಿದರು. ನನ್ನ ಮಾತು ತಿಳಿಸಿದಿರಾ ಎಂದೆ. "ಹೇಳೀನ್ರಿ. ಸುಮ್ನಾದ್ರು" ಎಂದರು. ಆಮೇಲೆ ಆ ನಂಬರು ಹತ್ತಲಿಲ್ಲ.

ಈಗ ನಾನಿರುವ ಕಾರ್ಖಾನೆಯಲ್ಲಿ ಮುಖ ನೋಡಿ ಹಾಜರಿ ಹಾಕುವ ಯಂತ್ರವಿದೆ. ಒಬ್ಬರ ಬದಲು ಇನ್ನೊಬ್ಬರು ಬರಲು ಸಾಧ್ಯವಿಲ್ಲ. ಜನ ಯಂತ್ರವನ್ನು ಬೈದುಕೊಳ್ಳುತ್ತಾರೆ, ನನಗೆ ಹೆದರುವುದಿಲ್ಲ, ಕ್ಯಾಂಟೀನಿನಲ್ಲಿ ಕರೆದು ಕೂರಿಸಿಕೊಳ್ಳುವವರೂ ಇದ್ದಾರೆ. ನಾನೇ ದೂರದ ಮೂಲೆಗೆ ಹೋಗಿ ಕೂರುತ್ತೇನೆ. ಬೂಟಿಲ್ಲದೆ ಮನೆಗೆ ಬಂದ ಮೊನ್ನೆಯ ಸಂಜೆ ಇದನ್ನೆಲ್ಲ ಇನ್ನೊಮ್ಮೆ ಮನಸ್ಸಿನಲ್ಲಿ ತಿರುವಿ ಹಾಕಿದೆ. ಇಷ್ಟು ವರ್ಷ ತಪ್ಪನ್ನೆಲ್ಲ ಆ ರಿಜಿಸ್ಟರಿನ ಮೇಲೆ ಹಾಕಿದ್ದೆ, ಅದೊಂದನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದರೆ ಎಂದು ಕೊರಗಿದ್ದೆ. ಅದು ನಿಜವಲ್ಲ. ಮರಳಿನ ಮೇಲೆ ಅವರು ಗುಟ್ಟು ಹೇಳಿದ ಕ್ಷಣದಲ್ಲೇ ನಾನು ಯಾರೆಂದು ಹೇಳಿ, ಹೆದರಬೇಡಿ ಎನ್ನಬಹುದಿತ್ತು. ಅವರನ್ನು ಕಾಪಾಡಲೆಂದೇ ಬಾಯಿ ಬಿಡಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದೆ. ಹೇಳಿದ್ದರೆ ಅವರು ಕೈಮುಗಿದು ಬೇರೆ ದೋಣಿಗೆ ಹೋಗುತ್ತಿದ್ದರು, ಅವರ ಕೆಲಸ ಉಳಿಯುತ್ತಿತ್ತು, ನಾನು ಆ ಮಧ್ಯಾಹ್ನವೂ ಒಬ್ಬನೇ ಉಣ್ಣಬೇಕಾಗುತ್ತಿತ್ತು. ಅದು ನನಗೆ ಬೇಡವಾಗಿತ್ತು.